ಕೆಡವಿದ ಟಾಕೀಸಿನ ಚರಿತ್ರೆ ಬರೆಯಲು ಹೊರಟವರಿಗೆ

ಬೆಂಗಳೂರಿನ ಬಸ್ಸಿನಲ್ಲಿ ‘ಒಂದು ಮೆಜೆಸ್ಟಿಕ್’ ಎಂದು ಟಿಕೆಟ್ ಕೇಳುವವರಲ್ಲಿ ಎಷ್ಟೋ ಜನಕ್ಕೆ ಅದು ಸಿನಿಮಾ ಥಿಯೇಟರಿನ ಹೆಸರು ಎಂಬುದೇ ಗೊತ್ತಿಲ್ಲ. ಥಿಯೇಟರ್ ಹೋಯಿತು, ಹೆಸರು ಮಾತ್ರ ಇಡೀ ಪ್ರದೇಶಕ್ಕೆ ಅಂಟಿಕೊಂಡಿತು. ಅಲಂಕಾರ್ ಹೋಗಿ ಅಲಂಕಾರ್ ಪ್ಲಾಜಾ ಆಯಿತು, ಲಿಡೊ ಹೋಗಿ ಲಿಡೊ ಮಾಲ್ ಆಯಿತು. ಕೆಂಪೇಗೌಡ ರಸ್ತೆಯ ಸಾಗರ್, ಕೆಂಪೇಗೌಡ, ಸುಬೇದಾರ್ ಛತ್ರಂ ರಸ್ತೆಯ ಕಪಾಲಿ, ಎಂ.ಜಿ. ರಸ್ತೆಯ ಪ್ಲಾಜಾ ಈಗ ಬಾಯಿಮಾತಿನಲ್ಲಷ್ಟೇ ಇವೆ. ನಿಮ್ಮೂರಿನ ಪೇಟೆ ಬೀದಿಯಲ್ಲೂ ಇಂಥದ್ದೊಂದು ಇದ್ದೇ ಇರುತ್ತದೆ. ಅದರ ಚರಿತ್ರೆಯನ್ನು ನಾಲ್ಕು ಜನ ನಂಬುವ ಹಾಗೆ ಬರೆಯಬೇಕಾದರೆ ಕೆಲಸ ಹೇಗೆ ಸಾಗಬೇಕು ಎಂಬುದು ಇಲ್ಲಿದೆ.

ಒಂದು ಮಾತು ಮೊದಲೇ ಹೇಳಬೇಕು. ಜನಕ್ಕೆ ಸಿನಿಮಾದ ಹೆಸರು ನೆನಪಿರುತ್ತದೆ, ಇಸವಿ ನೆನಪಿರುವುದಿಲ್ಲ. ಕಾಗದದಲ್ಲಿ ಇಸವಿ ಇರುತ್ತದೆ, ಬಾಲ್ಕನಿಗೆ ಹತ್ತುವ ಮೆಟ್ಟಿಲು ಎಡಕ್ಕಿತ್ತೋ ಬಲಕ್ಕಿತ್ತೋ ಎಂಬುದು ಇರುವುದಿಲ್ಲ. ಎರಡನ್ನೂ ಬೇರೆ ಬೇರೆ ಸಂಗ್ರಹಿಸಿ ಆಮೇಲೆ ಹೊಲಿಯಬೇಕು. ಬರೀ ನೆನಪಿನಿಂದ ಬರೆದ ಲೇಖನಗಳಲ್ಲಿ ಎಲ್ಲ ಥಿಯೇಟರೂ ‘ಆ ಕಾಲದಲ್ಲೇ ಏಷ್ಯಾದ ಅತಿ ದೊಡ್ಡದು’ ಆಗಿರುವುದಕ್ಕೆ ಕಾರಣ ಇದೇ.

ಹೆಸರು ಮತ್ತು ಜಾಗ

ಮೊದಲ ದಿನ ಒಂದೇ ಕೆಲಸ: ಆ ಥಿಯೇಟರಿಗೆ ಇದ್ದ ಎಲ್ಲ ಹೆಸರುಗಳನ್ನೂ ಪಟ್ಟಿ ಮಾಡಿ. ಮಾಲೀಕರು ಬದಲಾದಾಗ, ಗುತ್ತಿಗೆಗೆ ಕೊಟ್ಟಾಗ, ರಿಪೇರಿ ಮಾಡಿ ಮತ್ತೆ ತೆರೆದಾಗ ಹೆಸರು ಬದಲಾಗುವುದು ಮಾಮೂಲು. ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ತೆರೆಕಂಡದ್ದು ಸಿಟಿ ಮಾರ್ಕೆಟ್ ಬಳಿಯ ಪ್ಯಾರಾಮೌಂಟ್‌ನಲ್ಲಿ. ಅದೇ ಜಾಗ ಮೊದಲು ದೊಡ್ಡಣ್ಣ ಹಾಲ್, ಆಮೇಲೆ ಪರಿಮಳ. 1972ರಲ್ಲಿ ‘ಬಂಗಾರದ ಮನುಷ್ಯ’ ವರ್ಷಗಟ್ಟಲೆ ಓಡಿದ ಸ್ಟೇಟ್ಸ್ ಮುಂದೆ ಭೂಮಿಕಾ ಆಯಿತು. ಹಳೆಯ ಹೆಸರು ಗೊತ್ತಿಲ್ಲದವರು ಪತ್ರಿಕೆಯಲ್ಲಿ ಭೂಮಿಕಾ ಹುಡುಕಿ, ಸಿಗದೆ, ‘ಆಗ ಈ ಥಿಯೇಟರ್ ಇರಲೇ ಇಲ್ಲ’ ಎಂದು ಬರೆದುಬಿಡುತ್ತಾರೆ.

ಇದರ ಉಲ್ಟಾ ತಪ್ಪೂ ಇದೆ. ಸಣ್ಣ ಊರುಗಳಲ್ಲಿ ಮೊದಲು ಟೆಂಟ್ ಇತ್ತು, ಮುಂದೆ ಅದೇ ಮಾಲೀಕರು ಅದೇ ಹೆಸರಿನಲ್ಲಿ ಬೇರೆ ಬೀದಿಯಲ್ಲಿ ಕಟ್ಟಡ ಕಟ್ಟಿದರು. ಹೆಸರು ಒಂದು, ಜಾಗ ಎರಡು, ಪರವಾನಗಿಯೂ ಎರಡು. ಟೂರಿಂಗ್ ಟಾಕೀಸಿನ ಪರವಾನಗಿ ಬೇರೆ, ಕಾಯಂ ಕಟ್ಟಡದ್ದು ಬೇರೆ. ಇವನ್ನು ಒಂದೇ ಸಾಲಿನಲ್ಲಿ ಬೆರೆಸಬೇಡಿ.

ಜಾಗ ಗುರುತಿಸಲು ಖಾತೆ ಸಂಖ್ಯೆ ಅಥವಾ ಸಿಟಿ ಸರ್ವೆ ಸಂಖ್ಯೆ ಬೇಕು. ಅದು ಸಿಕ್ಕರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಋಣಭಾರ ಪ್ರಮಾಣಪತ್ರಕ್ಕೆ, ಅಂದರೆ ಎಲ್ಲರೂ ಹೇಳುವ ಇ.ಸಿ.ಗೆ, ಅರ್ಜಿ ಹಾಕಬಹುದು. ಕಂಪ್ಯೂಟರಿನಲ್ಲಿ ಸಿಗುವುದು ಸುಮಾರು 2004ರಿಂದ ಈಚಿನದು. ಅದಕ್ಕೂ ಹಿಂದಿನದನ್ನು ಕಚೇರಿಯವರು ಸೂಚಿ ಪುಸ್ತಕ ತೆಗೆದು ನೋಡಬೇಕು, ಹಾಗಾಗಿ ಅರ್ಜಿಯಲ್ಲಿ ನಾಲ್ಕೂ ಕಡೆಯ ಚೆಕ್ಕುಬಂದಿ ಸ್ಪಷ್ಟವಾಗಿರಲಿ. ‘ಹಳೇ ಥಿಯೇಟರ್ ಜಾಗ’ ಎಂದು ಬರೆದರೆ ಅರ್ಜಿ ವಾಪಸ್ ಬರುತ್ತದೆ. ಇ.ಸಿ.ಯಲ್ಲಿ ಕ್ರಯ, ಅಡಮಾನ, ಗುತ್ತಿಗೆಗಳ ದಿನಾಂಕ ಸಿಗುತ್ತದೆ. ಹೆಸರು ಬದಲಾದ ವರ್ಷ ಅನೇಕ ಸಲ ಗುತ್ತಿಗೆ ಬದಲಾದ ವರ್ಷವೇ ಆಗಿರುತ್ತದೆ.

ಕೆಡವಿದ್ದು ಈ ಶತಮಾನದಲ್ಲಾದರೆ ಗೂಗಲ್ ಅರ್ತ್ ಪ್ರೊದಲ್ಲಿ ಗಡಿಯಾರದ ಗುರುತು ಒತ್ತಿ ಹಳೆಯ ಉಪಗ್ರಹ ಚಿತ್ರಗಳನ್ನು ಹಿಂದಕ್ಕೆ ಸರಿಸಿ. ಚಾವಣಿ ಕಾಣುವ ಕೊನೆಯ ಚಿತ್ರದ ತಾರೀಖು, ಬಯಲು ಕಾಣುವ ಮೊದಲ ಚಿತ್ರದ ತಾರೀಖು, ಎರಡನ್ನೂ ಬರೆದುಕೊಳ್ಳಿ. ಕೆಡವಿದ್ದು ಇವೆರಡರ ನಡುವೆ. ಪ್ರದರ್ಶನ ನಿಂತ ದಿನ ಇದಲ್ಲ, ನೆನಪಿರಲಿ. ಬಾಗಿಲು ಮುಚ್ಚಿ ಐದಾರು ವರ್ಷ ಪಾಳು ಬಿದ್ದ ಥಿಯೇಟರುಗಳು ಬೇಕಾದಷ್ಟಿವೆ.

ಶುಕ್ರವಾರದ ಪತ್ರಿಕೆ

ಇಡೀ ಕೆಲಸದ ಬೆನ್ನೆಲುಬು ಇದು. ಸಿನಿಮಾ ಬದಲಾಗುತ್ತಿದ್ದದ್ದು ಶುಕ್ರವಾರ, ಜಾಹೀರಾತೂ ಅವತ್ತೇ ದಟ್ಟ. 1948ರಿಂದ ಈಚೆಗಾದರೆ ‘ಪ್ರಜಾವಾಣಿ’ ಮತ್ತು ‘ಡೆಕ್ಕನ್ ಹೆರಾಲ್ಡ್’, 1967ರಿಂದ ‘ಕನ್ನಡಪ್ರಭ’, ಹುಬ್ಬಳ್ಳಿ-ಧಾರವಾಡದ ಕಡೆಗೆ ‘ಸಂಯುಕ್ತ ಕರ್ನಾಟಕ’, 1970ರಿಂದ ಕರಾವಳಿಗೆ ‘ಉದಯವಾಣಿ’. 1948ಕ್ಕಿಂತ ಹಿಂದಕ್ಕೆ ಹೋಗಬೇಕಾದರೆ ‘ತಾಯಿನಾಡು’, ‘ವಿಶ್ವಕರ್ನಾಟಕ’ಗಳ ಹಳೆಯ ಸಂಪುಟಗಳನ್ನು ವಿಚಾರಿಸಿ. ಬೆಂಗಳೂರಿನವರು ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯದಿಂದ ಶುರುಮಾಡಬಹುದು.

ಲೆಕ್ಕ ಹಾಕಿ ಹೊರಡಿ. ಮೂವತ್ತು ವರ್ಷಕ್ಕೆ ಸುಮಾರು 1,560 ಶುಕ್ರವಾರ. ಒಂದೊಂದಕ್ಕೆ ಎರಡು ನಿಮಿಷ ಹಿಡಿದರೂ 52 ಗಂಟೆ, ಅದೂ ಸಂಪುಟ ಎತ್ತಿ ತರುವ ಸಮಯ ಬಿಟ್ಟು. ಅದಕ್ಕೇ ಮೊದಲ ಸುತ್ತಿನಲ್ಲಿ ತಿಂಗಳಿಗೆ ಒಂದು ಶುಕ್ರವಾರ ಮಾತ್ರ ನೋಡಿ. 360 ಸಂಚಿಕೆ, ಹನ್ನೆರಡು ಗಂಟೆ. ಹೆಸರು ಮೊದಲ ಸಲ ಕಾಣಿಸಿದ ತಿಂಗಳು, ಬದಲಾದ ತಿಂಗಳು, ಮಾಯವಾದ ತಿಂಗಳು ಸಿಕ್ಕ ಮೇಲೆ ಆ ತಿಂಗಳುಗಳನ್ನು ದಿನದ ಲೆಕ್ಕದಲ್ಲಿ ತಡಕಿ. ಹೊಸ ಥಿಯೇಟರುಗಳನ್ನು ಹಬ್ಬಕ್ಕೆ ತೆರೆಯುವ ರೂಢಿ ಇದ್ದುದರಿಂದ ಸಂಕ್ರಾಂತಿ, ಯುಗಾದಿ, ಗೌರಿ-ಗಣೇಶ, ದಸರಾ, ದೀಪಾವಳಿಯ ವಾರಗಳನ್ನು ಮೊದಲು ನೋಡುವುದು ಲಾಭ. ಶುಕ್ರವಾರದ ನಿಯಮವನ್ನು ತೀರಾ ಹಿಂದಕ್ಕೆ ಎಳೆಯಬೇಡಿ. ‘ಸತಿ ಸುಲೋಚನ’ ಬಿಡುಗಡೆಯಾದ 3 ಮಾರ್ಚ್ 1934 ಶನಿವಾರ.

ಫೋಟೊ ತೆಗೆಯುವಾಗ ಎಲ್ಲರೂ ಮಾಡುವ ತಪ್ಪು ಒಂದೇ: ಜಾಹೀರಾತು ಮಾತ್ರ ತೆಗೆಯುತ್ತಾರೆ, ತಾರೀಖು ಇರುವುದಿಲ್ಲ. ಮನೆಗೆ ಬಂದು ನೋಡಿದರೆ 400 ಫೋಟೊ, ಯಾವುದು ಯಾವ ವರ್ಷದ್ದೋ ದೇವರಿಗೇ ಗೊತ್ತು. ಪ್ರತಿ ಸಂಚಿಕೆಗೆ ಮೂರು ಫೋಟೊ: ತಾರೀಖು ಕಾಣುವ ಪುಟದ ತಲೆ, ಪೂರ್ತಿ ಪುಟ, ಜಾಹೀರಾತು ಹತ್ತಿರದಿಂದ. ಫ್ಲ್ಯಾಶ್ ಬೇಡ. ಬೈಂಡು ಮಾಡಿದ ಸಂಪುಟದಲ್ಲಿ ಒಳಗಿನ ಕಾಲಂ ಹೊಲಿಗೆಯೊಳಗೆ ಸಿಕ್ಕಿಕೊಂಡಿರುತ್ತದೆ. ಬಲವಂತವಾಗಿ ಅಗಲಿಸಿದರೆ ಕಾಗದ ಪುಡಿಯಾಗುತ್ತದೆ, ಗ್ರಂಥಪಾಲಕರು ಮರುದಿನದಿಂದ ಸಂಪುಟವನ್ನೇ ಕೊಡುವುದಿಲ್ಲ. ಅಂಥ ಕಡೆ ಬೇರೆ ಪತ್ರಿಕೆ ನೋಡಿ.

ಜಾಹೀರಾತು ಓದುವುದೂ ಒಂದು ವಿದ್ಯೆ. ‘15ನೇ ವಾರ’ ಎಂದಿದ್ದರೆ ಲೆಕ್ಕ ಹಾಕಿ ನೋಡಿ. ಶುಕ್ರವಾರ ಬಿಡುಗಡೆಯಾದ ಚಿತ್ರದ ನೂರನೇ ದಿನ 15ನೇ ವಾರದ ಎರಡನೇ ದಿನ, ಶನಿವಾರ. 25 ವಾರ ಎಂದರೆ 175 ದಿನ. ಶತದಿನದ ಸಮಾರಂಭದಲ್ಲಿ ಕೊಡುತ್ತಿದ್ದ ಶೀಲ್ಡಿನ ಮೇಲಿನ ತಾರೀಖು ಈ ಲೆಕ್ಕಕ್ಕೆ ಕೂಡದಿದ್ದರೆ ಒಂದೋ ಸಮಾರಂಭ ತಡವಾಗಿ ನಡೆದಿದೆ, ಇಲ್ಲವೇ ಚಿತ್ರ ಒಂದು ಥಿಯೇಟರಿನಲ್ಲಿ ಶುರುವಾಗಿ ಇನ್ನೊಂದಕ್ಕೆ ‘ಶಿಫ್ಟ್’ ಆಗಿ ಎರಡರ ವಾರಗಳನ್ನೂ ಕೂಡಿಸಿದ್ದಾರೆ. ‘ದಿನಾ 4 ಆಟ’ ಇದ್ದದ್ದು ಕೊನೆಗೆ ‘ಬೆಳಗಿನ ಆಟ ಮಾತ್ರ’ ಆಗಿದೆಯೇ ಎಂದೂ ನೋಡಿ. ಬಾಡಿಗೆ ಪದ್ಧತಿಯಲ್ಲಿ ನಿರ್ಮಾಪಕರು ವಾರದ ಬಾಡಿಗೆ ಕಟ್ಟಿ ನೂರು ದಿನ ಮುಟ್ಟಿಸಬಹುದಿತ್ತು. ಓಡಿದ್ದೂ ಓಡಿಸಿದ್ದೂ ಒಂದೇ ಅಲ್ಲ. ಇನ್ನೊಂದು: ಎರಡು ವಾರ ಜಾಹೀರಾತು ಇಲ್ಲದ ಮಾತ್ರಕ್ಕೆ ಥಿಯೇಟರ್ ಮುಚ್ಚಿತ್ತು ಎನ್ನಬೇಡಿ. ಮಾಲೀಕರು ದುಡ್ಡು ಉಳಿಸಿರಬಹುದು.

ಪರವಾನಗಿ ಕಡತ

ಸೀಟೆಷ್ಟು, ಬಾಗಿಲೆಷ್ಟು, ಬಾಲ್ಕನಿ ಯಾವಾಗ ಸೇರಿಸಿದರು ಎಂಬುದಕ್ಕೆಲ್ಲ ಒಂದೇ ಒಳ್ಳೆಯ ಆಧಾರ ಪರವಾನಗಿ ಕಡತ. 1964ರ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆಯಡಿ ಜಿಲ್ಲೆಗಳಲ್ಲಿ ಪರವಾನಗಿ ಕೊಡುವವರು ಜಿಲ್ಲಾ ಮ್ಯಾಜಿಸ್ಟ್ರೇಟ್, ಅಂದರೆ ಡಿ.ಸಿ. ಕಚೇರಿ. ಬೆಂಗಳೂರು ನಗರದಲ್ಲಿ ಪೊಲೀಸ್ ಕಮಿಷನರ್. ಕಡತದಲ್ಲಿ ಕಟ್ಟಡದ ನಕ್ಷೆ, ತರಗತಿವಾರು ಸೀಟು, ಲೋಕೋಪಯೋಗಿ ಎಂಜಿನಿಯರ್, ವಿದ್ಯುತ್ ಪರಿವೀಕ್ಷಕರು ಮತ್ತು ಅಗ್ನಿಶಾಮಕ ದಳದವರ ಪ್ರಮಾಣಪತ್ರ ಇರಬೇಕು.

ಮಾಹಿತಿ ಹಕ್ಕಿನ ಅರ್ಜಿಯೇ ದಾರಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ಪ್ರತಿಗೆ ಪುಟಕ್ಕೆ 2 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯಕ್ಕೆ ಸೇರಿರಬೇಕು. ಥಿಯೇಟರಿನ ವೈಭವದ ಪೀಠಿಕೆ ಬರೆದು ಪದ ಮುಗಿಸಿಕೊಳ್ಳಬೇಡಿ. ಹೀಗೆ ಬರೆದರೆ ಸಾಕು: ‘ಇಂಥ ವಿಳಾಸದಲ್ಲಿದ್ದ ಇಂಥ ಚಿತ್ರಮಂದಿರಕ್ಕೆ, ಹಿಂದಿನ ಹೆಸರು ಇಂಥದ್ದು, ನೀಡಲಾದ ಮೊದಲ ಪರವಾನಗಿ, ಅನುಮೋದಿತ ನಕ್ಷೆ, ಆಸನ ವಿವರ ಮತ್ತು ಪರವಾನಗಿ ರದ್ದು ಅಥವಾ ಹಿಂತಿರುಗಿಸಿದ ಆದೇಶದ ಪ್ರತಿಗಳನ್ನು ಒದಗಿಸಿ. ಕಡತ ನಾಶಪಡಿಸಿದ್ದಲ್ಲಿ ನಾಶಪಡಿಸಿದ ಆದೇಶದ ಪ್ರತಿ ಒದಗಿಸಿ.’ ಕೊನೆಯ ಸಾಲು ಮುಖ್ಯ. ಅದಿಲ್ಲದಿದ್ದರೆ ‘ಕಡತ ಲಭ್ಯವಿಲ್ಲ’ ಎಂಬ ಎರಡು ಪದದ ಉತ್ತರ ಬರುತ್ತದೆ. ಅದಿದ್ದರೆ ಯಾರಾದರೂ ರೆಕಾರ್ಡ್ ರೂಮಿಗೆ ಹೋಗಿ ನೋಡಬೇಕಾಗುತ್ತದೆ.

1956ಕ್ಕಿಂತ ಹಳೆಯ ಥಿಯೇಟರಾದರೆ ಊರು ಆಗ ಯಾರ ಆಡಳಿತದಲ್ಲಿತ್ತು ಎಂದು ಕೇಳಿಕೊಳ್ಳಿ. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಮುಂಬೈ ಪ್ರಾಂತ್ಯದಲ್ಲಿದ್ದವು. ಕಲಬುರಗಿ, ರಾಯಚೂರು, ಬೀದರ್ ಹೈದರಾಬಾದಿನಲ್ಲಿ. ಮಂಗಳೂರು ಮದರಾಸಿನಲ್ಲಿ, 1953ರವರೆಗೆ ಬಳ್ಳಾರಿಯೂ ಅಲ್ಲೇ. ಬೆಂಗಳೂರಿನೊಳಗೇ ಈ ಗಡಿ ಹಾದುಹೋಗುತ್ತದೆ ಎಂಬುದು ಹಲವರಿಗೆ ಹೊಳೆಯುವುದಿಲ್ಲ. 1947ರ ಜುಲೈವರೆಗೆ ದಂಡು, ಅಂದರೆ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್, ಬ್ರಿಟಿಷ್ ರೆಸಿಡೆಂಟರ ಕೈಯಲ್ಲಿತ್ತು. ಹಾಗಾಗಿ ಮಾರ್ಕೆಟ್ ಕಡೆಯ ಪ್ಯಾರಾಮೌಂಟ್ ಬಗ್ಗೆ ಮೈಸೂರು ಸರ್ಕಾರದ ಕಾಗದ ಹುಡುಕಬೇಕು, ಅದು ರಾಜ್ಯ ಪತ್ರಾಗಾರ ಇಲಾಖೆಯಲ್ಲಿ. 1936ರಲ್ಲಿ ತೆರೆದ ಪ್ಲಾಜಾ, ಶಿವಾಜಿನಗರದ ಎಲ್ಗಿನ್ ಮುಂತಾದವಕ್ಕೆ ರೆಸಿಡೆನ್ಸಿ ದಾಖಲೆಗಳನ್ನು ನೋಡಬೇಕು, ಅವು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ. ಅವರ ‘ಅಭಿಲೇಖ್ ಪಟಲ್’ ಜಾಲತಾಣದಲ್ಲಿ ಮನೆಯಿಂದಲೇ ಸೂಚಿ ಹುಡುಕಬಹುದು.

ಡಿಸಿಆರ್ ಸಿಕ್ಕರೆ

ಡೈಲಿ ಕಲೆಕ್ಷನ್ ರಿಪೋರ್ಟು, ಎಲ್ಲರ ಬಾಯಲ್ಲಿ ಡಿಸಿಆರ್. ಥಿಯೇಟರಿನವರು ದಿನದಿನವೂ ವಿತರಕರಿಗೆ ಕಳಿಸುತ್ತಿದ್ದ ಲೆಕ್ಕ. ಆಟವಾರು, ತರಗತಿವಾರು ಟಿಕೆಟಿನ ಆರಂಭದ ಮತ್ತು ಕೊನೆಯ ನಂಬರು, ದರ, ಮನರಂಜನಾ ತೆರಿಗೆ, ಉಳಿದ ಮೊತ್ತ ಎಲ್ಲ ಅದರಲ್ಲಿರುತ್ತದೆ. ಪರವಾನಗಿ ಕಡತ ನಾಶವಾಗಿದ್ದರೂ ಡಿಸಿಆರ್‌ನಿಂದ ಸೀಟಿನ ಲೆಕ್ಕ ತೆಗೆಯಬಹುದು. ಹೌಸ್‌ಫುಲ್ ಆದ ಒಂದು ಆಟ ಹಿಡಿಯಿರಿ, ಪ್ರತಿ ತರಗತಿಯ ಕೊನೆಯ ನಂಬರಿನಿಂದ ಮೊದಲ ನಂಬರು ಕಳೆದು ಒಂದು ಕೂಡಿಸಿ. ಅದೇ ಸೀಟು, ಪಾಸುಗಳನ್ನು ಬಿಟ್ಟು. ಇಂಥ ನಾಲ್ಕಾರು ಆಟಗಳಲ್ಲಿ ಒಂದೇ ಸಂಖ್ಯೆ ಬಂದರೆ ನಂಬಬಹುದು. ಒಂದೇ ಒಂದು ಆಟ ನೋಡಿ ತೀರ್ಮಾನಿಸಬೇಡಿ. ಹಬ್ಬದ ದಿನ ಎಕ್ಸ್‌ಟ್ರಾ ಚೇರು ಹಾಕಿರುತ್ತಾರೆ.

ಹಳೆಯ ಡಿಸಿಆರ್‌ಗಳು ಗಾಂಧಿನಗರದ ವಿತರಕರ ಕಚೇರಿಗಳಲ್ಲಿ, ಅವರ ಮನೆಯ ಅಟ್ಟದಲ್ಲಿ ಇರುತ್ತವೆ. ಕೇಳುವ ಮೊದಲು ನಿಮ್ಮ ಥಿಯೇಟರ್ ಯಾವ ಏರಿಯಾಕ್ಕೆ, ಅಂದರೆ ವಿತರಣೆಯ ಯಾವ ವಲಯಕ್ಕೆ, ಸೇರಿತ್ತು ಎಂದು ತಿಳಿದುಕೊಳ್ಳಿ. ಬೆಂಗಳೂರು-ಕೋಲಾರ-ತುಮಕೂರು ‘ಬಿಕೆಟಿ’, ಮೈಸೂರು-ಮಂಡ್ಯ-ಕೊಡಗು-ಹಾಸನ ‘ಎಂಎಂಸಿಎಚ್’. ಆ ಭಾಷೆಯಲ್ಲಿ ಕೇಳಿದರೆ ಕಟ್ಟು ಬೇಗ ಹೊರಬರುತ್ತದೆ.

ಫೋಟೊ ಮತ್ತು ಟಿಕೆಟಿಗೆ ವರ್ಷ ಹಚ್ಚುವುದು

ಅಂತರ್ಜಾಲದಲ್ಲಿ ಓಡಾಡುವ ಹಳೆಯ ಫೋಟೊಗಳ ಶೀರ್ಷಿಕೆಯನ್ನು ನಂಬಬೇಡಿ, ಫೋಟೊವನ್ನೇ ಓದಿ. ಕಟೌಟಿನಲ್ಲಿರುವ ಸಿನಿಮಾ ಮೊದಲ ಸುಳಿವು, ಆದರೆ ಅದು ‘ಈ ವರ್ಷಕ್ಕಿಂತ ಹಿಂದಿನದಲ್ಲ’ ಎಂದಷ್ಟೇ ಹೇಳುತ್ತದೆ. ಜನಪ್ರಿಯ ಚಿತ್ರಗಳು ಹತ್ತು ವರ್ಷದ ಮೇಲೂ ಮರುಬಿಡುಗಡೆಯಾಗುತ್ತಿದ್ದವು. ‘ಮೈಸೂರು ರಾಜ್ಯ’ ಎಂಬ ಸರ್ಕಾರಿ ಬೋರ್ಡು ಇದ್ದರೆ ಬಹುಶಃ 1973ರ ನವೆಂಬರಿಗಿಂತ ಮುಂಚೆ. ಗಾಡಿಯ ನಂಬರ್ ಪ್ಲೇಟು ‘ಕೆಎ’ ಎಂದು ಶುರುವಾದರೆ 1988ರ ಮೋಟಾರು ವಾಹನ ಕಾಯ್ದೆಯಿಂದ ಈಚಿನದು. ನಗರ ಬಸ್ಸಿನ ಮೇಲೆ ‘ಬಿಟಿಎಸ್’ ಇದ್ದರೆ 1997ರಲ್ಲಿ ಬಿಎಂಟಿಸಿ ಆಗುವುದಕ್ಕೆ ಹಿಂದಿನದು. ಇಂಥ ಎರಡು ಮೂರು ಸುಳಿವು ಸೇರಿದರೆ ಹತ್ತು ವರ್ಷದ ಅಂದಾಜು ಎರಡು ವರ್ಷಕ್ಕೆ ಇಳಿಯುತ್ತದೆ.

ಟಿಕೆಟ್ ಚೂರಿನಲ್ಲಿ ಆಣೆ ಇದ್ದರೆ ಅದು 1957ರ ಏಪ್ರಿಲ್ 1ಕ್ಕಿಂತ ಹಳೆಯದು, ‘ನಯೆ ಪೈಸೆ’ ಇದ್ದರೆ 1957ರಿಂದ 1964ರ ನಡುವಿನದು. ಇದು ಅಚ್ಚಾದ ಟಿಕೆಟಿಗೆ ಮಾತ್ರ. ಬಾಯಿಮಾತಿಗೆ ಹಚ್ಚಬೇಡಿ. ‘ನಾಲ್ಕಾಣೆ ಕೊಟ್ಟು ಗಾಂಧಿ ಕ್ಲಾಸಿನಲ್ಲಿ ಕೂತು ನೋಡಿದ್ದು’ ಎಂದರೆ 25 ಪೈಸೆಯೂ ಇರಬಹುದು. ಎಪ್ಪತ್ತರ ದಶಕದಲ್ಲೂ ಜನ ನಾಲ್ಕಾಣೆ, ಎಂಟಾಣೆ ಎಂದೇ ಹೇಳುತ್ತಿದ್ದರು.

ಜನರನ್ನು ಮಾತಾಡಿಸುವುದು

ಕ್ರಮದಲ್ಲಿ ಇದನ್ನು ಕಾಗದದ ಕೆಲಸದ ಆಮೇಲೆ ಇಟ್ಟಿದ್ದೇವೆ, ಆದರೆ ಪ್ರೊಜೆಕ್ಟರ್ ಓಡಿಸುತ್ತಿದ್ದ ಹಳೆಯ ಆಪರೇಟರ್ ಎಂಬತ್ತು ದಾಟಿದ್ದರೆ ಪತ್ರಿಕೆ ಬಿಟ್ಟು ಇವತ್ತೇ ಹೋಗಿ. ಪತ್ರಿಕೆ ಮುಂದಿನ ವರ್ಷವೂ ಅಲ್ಲೇ ಇರುತ್ತದೆ.

ಮಾಲೀಕರ ಮನೆಯವರಿಗಿಂತ ಆಪರೇಟರ್, ಬುಕಿಂಗ್ ಕ್ಲರ್ಕ್, ಗೇಟ್‌ಕೀಪರ್, ಸೈಕಲ್ ಸ್ಟ್ಯಾಂಡು ಮತ್ತು ಕ್ಯಾಂಟೀನಿನ ಗುತ್ತಿಗೆದಾರರು, ಬೋರ್ಡು ಬರೆದ ಕಲಾವಿದರು, ಎದುರುಗಡೆಯ ಹೋಟೆಲಿನವರು ಹೆಚ್ಚು ಹೇಳುತ್ತಾರೆ. ಚಿತ್ರದ ಡಬ್ಬಿಯ ಜೊತೆ ಊರೂರು ತಿರುಗಿದ ವಿತರಕರ ‘ರೆಪ್’ ಸಿಕ್ಕರೆ ಬಿಡಬೇಡಿ. ಹತ್ತು ಥಿಯೇಟರನ್ನು ಹೋಲಿಸಿ ಹೇಳಬಲ್ಲವರು ಅವರೊಬ್ಬರೇ. ಹೆಂಗಸರನ್ನು ಬೇರೆಯಾಗಿ, ಬೇರೆ ಹೊತ್ತಿನಲ್ಲಿ ಮಾತಾಡಿಸಿ. ಮ್ಯಾಟಿನಿಯ ಗುಂಪು, ಹೆಂಗಸರ ಕ್ಯೂ ಇವು ಗಂಡಸರ ನೆನಪಿನಲ್ಲಿ ಬರುವುದೇ ಇಲ್ಲ.

‘ಆ ಕಾಲ ಹೇಗಿತ್ತು ಅಜ್ಜಾ?’ ಎಂದು ಕೇಳಿದರೆ ‘ಬಹಳ ಚೆನ್ನಾಗಿತ್ತಪ್ಪ’ ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯಿತು. ಖಾಲಿ ಹಾಳೆ, ಪೆನ್ಸಿಲ್ ಮುಂದಿಟ್ಟು ರಸ್ತೆಯ ಗೆರೆ ಮಾತ್ರ ಎಳೆದು, ‘ಟಿಕೆಟ್ ಕೌಂಟರ್ ಎಲ್ಲಿತ್ತು ತೋರಿಸಿ’ ಎನ್ನಿ. ಕೈ ಓಡತೊಡಗಿದರೆ ಮಾತೂ ಓಡುತ್ತದೆ. ಇಬ್ಬರಿಗೆ ಬೇರೆ ಬೇರೆ ಹಾಳೆ ಕೊಡಿ. ಒಬ್ಬರ ನಕ್ಷೆಯನ್ನು ಇನ್ನೊಬ್ಬರಿಗೆ ತೋರಿಸಿದರೆ ಎರಡನೆಯವರು ತಲೆಯಾಡಿಸುತ್ತಾರಷ್ಟೆ. ಇಸವಿ ಕೇಳಬೇಡಿ, ‘ಅವತ್ತು ಯಾವ ಪಿಕ್ಚರ್ ಇತ್ತು?’ ಎಂದು ಕೇಳಿ. ಉತ್ತರವನ್ನು ನಿಮ್ಮ ಶುಕ್ರವಾರದ ಪಟ್ಟಿಯೊಂದಿಗೆ ತಾಳೆ ನೋಡಿ.

ಆಪರೇಟರಿಗೆ ಕೇಳಬೇಕಾದ್ದೇ ಬೇರೆ. ಮೆಷಿನ್ ಯಾವ ಕಂಪನಿಯದು, ಕಾರ್ಬನ್ ಕಡ್ಡಿಯಿಂದ ಝೆನಾನ್ ದೀಪಕ್ಕೆ ಯಾವಾಗ ಬದಲಾಯಿಸಿದರು, ಸ್ಕೋಪ್, ಅಂದರೆ ಅಗಲದ ಪರದೆ ಯಾವಾಗ ಬಂತು, ಡಿಟಿಎಸ್ ಧ್ವನಿ ಯಾವಾಗ, ರೀಲು ನಿಂತು ಯುಎಫ್‌ಒ ಅಥವಾ ಕ್ಯೂಬ್‌ನ ಡಿಜಿಟಲ್ ಪ್ರದರ್ಶನ ಯಾವಾಗ. ಈ ಐದು ಉತ್ತರ ಸೇರಿದರೆ ಥಿಯೇಟರಿನ ಅರ್ಧ ಚರಿತ್ರೆ. 2,000 ಅಡಿಯ ರೀಲು ಸುಮಾರು 22 ನಿಮಿಷ ಓಡುತ್ತದೆ. ಚಿತ್ರದ ಬಲ ಮೇಲ್ಮೂಲೆಯಲ್ಲಿ ಮೊದಲ ಚುಕ್ಕೆ ಬಂದಾಗ ಎರಡನೇ ಮೆಷಿನಿನ ಮೋಟರ್ ಹಾಕಬೇಕು, ಏಳೆಂಟು ಸೆಕೆಂಡಿನ ಮೇಲೆ ಎರಡನೇ ಚುಕ್ಕೆಗೆ ಬದಲಾಯಿಸಬೇಕು. ಇಷ್ಟು ನೀವು ತಿಳಿದುಕೊಂಡು ಹೋದರೆ ಅವರು ನಿಮ್ಮೊಡನೆ ಬೇರೆಯೇ ರೀತಿ ಮಾತಾಡುತ್ತಾರೆ. ಎರಡು ಥಿಯೇಟರಿಗೆ ಒಂದೇ ಪ್ರಿಂಟ್ ಹಂಚಿ ಸೈಕಲ್ಲಿನಲ್ಲಿ ರೀಲು ಸಾಗಿಸುತ್ತಿದ್ದರೇ ಎಂದೂ ಕೇಳಿ. ಹತ್ತಿರದ ಎರಡು ಥಿಯೇಟರುಗಳ ಆಟದ ಸಮಯದಲ್ಲಿ ಅರ್ಧ ಗಂಟೆಯ ಅಂತರ ಯಾಕಿತ್ತು ಎಂಬುದಕ್ಕೆ ಉತ್ತರ ಅಲ್ಲಿರಬಹುದು.

ರೆಕಾರ್ಡಿಂಗಿಗೆ ಮೊಬೈಲ್ ಸಾಕು. ಏರೋಪ್ಲೇನ್ ಮೋಡಿನಲ್ಲಿಡಿ, ಫ್ಯಾನ್ ಆರಿಸಿ, ‘ವೇವ್’ ಫೈಲಾಗಿ ಉಳಿಸಿ. ಸ್ಟೀರಿಯೊ ಆದರೆ ಗಂಟೆಗೆ ಸುಮಾರು 600 ಎಂಬಿ ಜಾಗ ಬೇಕು. ಹೆಸರು ಬಳಸಬಹುದೇ ಎಂಬ ಒಪ್ಪಿಗೆಯನ್ನು ರೆಕಾರ್ಡಿಂಗಿನಲ್ಲೇ ಕೇಳಿಕೊಳ್ಳಿ. ಬ್ಲ್ಯಾಕ್ ಟಿಕೆಟಿನ ವಿಷಯ ಮಾತಾಡಿದವರ ಹೆಸರು ಹಾಕದಿರುವುದೇ ಮೇಲು.

ಕೈಗೆ ಸಿಕ್ಕ ವಸ್ತುಗಳು

ಟಿಕೆಟ್ ಚೂರು, ಹಾಡಿನ ಪುಸ್ತಕ, ಗಾಜಿನ ಸ್ಲೈಡು, ಪೋಸ್ಟರ್. ಯಾವುದನ್ನೂ ಲ್ಯಾಮಿನೇಟ್ ಮಾಡಿಸಬೇಡಿ, ಹರಿದದ್ದಕ್ಕೆ ಸೆಲೊಟೇಪ್ ಹಚ್ಚಬೇಡಿ. ಅಂಟು ಕೆಲವೇ ವರ್ಷದಲ್ಲಿ ಕಂದು ಕಲೆಯಾಗಿ ಕಾಗದದೊಳಕ್ಕೆ ಇಳಿಯುತ್ತದೆ, ಆಮೇಲೆ ತೆಗೆಯಲಾಗದು. ಟಿಕೆಟನ್ನು 600 ಡಿಪಿಐನಲ್ಲಿ ಎರಡೂ ಬದಿ ಸ್ಕ್ಯಾನ್ ಮಾಡಿ, ತೆರಿಗೆಯ ಮುದ್ರೆ ಹಿಂಬದಿಯಲ್ಲಿರಬಹುದು. ಹಾಡಿನ ಪುಸ್ತಕಕ್ಕೆ 400 ಸಾಕು. ಪೋಸ್ಟರನ್ನು ನೆಲದ ಮೇಲೆ ಹಾಸಿ ನೆರಳಿನ ಬೆಳಕಿನಲ್ಲಿ ನೇರ ಮೇಲಿನಿಂದ ಫೋಟೊ ತೆಗೆಯಿರಿ. ಗಾಜಿನ ಸ್ಲೈಡಿನ ಮಂಕಾದ ಬದಿಯಲ್ಲಿ ಚಿತ್ರವಿರುತ್ತದೆ. ಅದನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಚಿತ್ರವೇ ಬಟ್ಟೆಗೆ ಬರುತ್ತದೆ. ಹೊಳೆಯುವ ಬದಿಯನ್ನು ಮಾತ್ರ ಒಣಬಟ್ಟೆಯಿಂದ ಒರೆಸಿ.

ಫಿಲ್ಮಿನ ಡಬ್ಬಿ ಸಿಕ್ಕರೆ ಜಾಗರೂಕರಾಗಿರಿ. ವಿನಿಗರ್ ವಾಸನೆ ಬಂದರೆ ಅಸಿಟೇಟ್ ಫಿಲ್ಮು ಹಾಳಾಗುತ್ತಿದೆ, ಬೇರೆ ರೀಲುಗಳಿಂದ ದೂರವಿಡಿ. ಐವತ್ತರ ದಶಕದ ಆರಂಭಕ್ಕಿಂತ ಹಳೆಯದಾದರೆ ನೈಟ್ರೇಟ್ ಇರಬಹುದು. ಬೆಂಕಿ ಹೊತ್ತಿದರೆ ನೀರಿಗೂ ಆರದು, ಮನೆಯಲ್ಲಿ ಇಡಲೇಬೇಡಿ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದವರನ್ನು ಸಂಪರ್ಕಿಸಿ.

ಫೋಟೊ ಕಳಿಸುವವರಿಗೆ ವಾಟ್ಸ್ಆ್ಯಪ್‌ನಲ್ಲಿ ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ, ಇಲ್ಲದಿದ್ದರೆ ಅದು ಚಿತ್ರವನ್ನು ಕುಗ್ಗಿಸಿ ತೆಗೆದ ತಾರೀಖನ್ನೂ ಅಳಿಸುತ್ತದೆ. ಪಠ್ಯವನ್ನು ಯೂನಿಕೋಡಿನಲ್ಲೇ ಟೈಪಿಸಿ. ಹಳೆಯ ನುಡಿ ಫಾಂಟಿನಲ್ಲಿ ಬರೆದದ್ದು ಹುಡುಕಾಟಕ್ಕೆ ಸಿಗುವುದಿಲ್ಲ. ಬರೆಯುವಾಗ ಪ್ರತಿ ಸಂಗತಿಯ ಪಕ್ಕದಲ್ಲಿ ‘ಕಾಗದ’, ‘ಬಾಯಿಮಾತು’, ‘ಅಂದಾಜು’ ಎಂದು ಗುರುತು ಹಾಕಿಡಿ. ಪರವಾನಗಿ ಕೊಟ್ಟ ದಿನ, ಉದ್ಘಾಟನೆಯ ದಿನ, ಮೊದಲ ಜಾಹೀರಾತಿನ ದಿನ ಮೂರೂ ಬೇರೆ. ಮೂರನ್ನೂ ಕೊಡಿ, ಒಂದನ್ನು ಆರಿಸಿ ಉಳಿದವನ್ನು ಮುಚ್ಚಿಡಬೇಡಿ.

ಎರವಲು ತಂದ ಟಿಕೆಟ್, ಶೀಲ್ಡು, ಡಿಸಿಆರ್ ಕಟ್ಟುಗಳಿಗೆ ತರುವಾಗಲೇ ಎರಡು ಪ್ರತಿ ಪಟ್ಟಿ ಮಾಡಿ ಇಬ್ಬರೂ ಸಹಿ ಹಾಕಿ. ಹಿಂತಿರುಗಿಸಿದ ದಿನ ಅದೇ ಪಟ್ಟಿಯ ಮೇಲೆ ಸಹಿ ತೆಗೆದುಕೊಂಡು, ಸ್ಕ್ಯಾನ್ ಮಾಡಿದ ಪ್ರತಿಗಳನ್ನು ಪೆನ್‌ಡ್ರೈವಿನಲ್ಲಿ ಹಾಕಿ ಅವರಿಗೂ ಕೊಟ್ಟು ಬನ್ನಿ.